ಕಪ್ಪು ಮೈಯಲ್ಲಿ ಕಾಣದ ನೀಲಿ

ನನ್ನ ಮಗಳ ನಾಲಿಗೆಯನ್ನು ನಾನು ಮೊದಲ ಸಲ ಸರಿಯಾಗಿ ನೋಡಿದ್ದು ಅವಳು ಆಕಳಿಸಿದಾಗ. ಮೂರು ತಿಂಗಳ ಕೂಸು. ಎದೆಹಾಲು ಬಿಟ್ಟರೆ ಬೇರೇನೂ ಬಾಯಿಗೆ ಮುಟ್ಟಿಸಿರಲಿಲ್ಲ. ಆದರೂ ಆ ನಾಲಿಗೆ ನೇರಳೆ ಹಣ್ಣು ತಿಂದವರ ನಾಲಿಗೆಯ ಹಾಗಿತ್ತು.

ನಾವಿರುವುದು ಕೊಪ್ಪಳದ ಹತ್ತಿರದ ಗಿಣಿಗೇರಾದಲ್ಲಿ. ನನ್ನ ಗಂಡ ಅಲ್ಲಿಯ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ನಾನು ಒಂದು ಸಣ್ಣ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಓಣಿಯಲ್ಲಿ ಒಗೆದ ಬಟ್ಟೆ ಹಗ್ಗದ ಮೇಲಿರುವಾಗಲೇ ಮತ್ತೆ ಮಾಸುತ್ತದೆ. ಹಾಗಾಗಿ ನನಗೆ ಮೊದಲು ಹೊಳೆದದ್ದು ಕಾರ್ಖಾನೆಯ ಬೂದಿ. ಒದ್ದೆ ಅರಿವೆಯ ತುದಿಯನ್ನು ಬೆರಳಿಗೆ ಸುತ್ತಿ ಕೂಸಿನ ನಾಲಿಗೆ ಒರೆಸಿದೆ. ಅರಿವೆ ಬೆಳ್ಳಗೇ ಉಳಿಯಿತು. ಇನ್ನೊಮ್ಮೆ ಒರೆಸಿದೆ, ಆಗಲೂ ಬೆಳ್ಳಗೇ.

ಇದನ್ನು ನಮ್ಮ ಜೊತೆಗೇ ಇರುವ ಅತ್ತೆಗೆ ಹೇಳುವುದು ಹೇಗೆ ಎಂಬುದೇ ನನಗೆ ತಿಳಿಯಲಿಲ್ಲ. ಅದಕ್ಕೆ ಕಾರಣವಿತ್ತು. ನಮ್ಮ ಅತ್ತೆ ಕಪ್ಪು. ಮದುವೆಯಾಗಿ ಕುಷ್ಟಗಿಯ ಮನೆಗೆ ಬಂದಾಗ ಅವರನ್ನು ಹೆಸರು ಹಿಡಿದು ಕರೆದವರೇ ಇಲ್ಲವಂತೆ, 'ಆ ಕರಿಯಾಕಿ' ಎಂದೇ ಎಲ್ಲರೂ ಅನ್ನುತ್ತಿದ್ದರಂತೆ. ಫೋಟೋ ತೆಗೆಸುವಾಗ ಯಾರೂ ಹೇಳದೆ ತಾವಾಗಿಯೇ ಹಿಂದಿನ ಸಾಲಿಗೆ ಹೋಗಿ ನಿಲ್ಲುತ್ತಾರೆ, ಇವತ್ತಿಗೂ. ನನ್ನ ಮಗಳು ಹುಟ್ಟಿದಾಗ ನನ್ನ ತವರೂರು ಗಂಗಾವತಿಯ ಆಸ್ಪತ್ರೆಯಲ್ಲಿ ಅವಳನ್ನು ಮೊದಲು ಎತ್ತಿಕೊಂಡವರು ಅವರೇ. ಕೂಸಿನ ಮುಖದ ಪಕ್ಕದಲ್ಲಿ ತಮ್ಮ ಕೈ ಹಿಡಿದು ನೋಡಿ, "ನನ್ನ ಬಣ್ಣಾನ ತಂದಾಳ ನೋಡ್ರಿ" ಎಂದು ನಕ್ಕಿದ್ದರು. ಆ ನಗುವಿನಲ್ಲಿ ಹೆಮ್ಮೆಯೂ ಇತ್ತು, ಯಾರಾದರೂ ಏನಾದರೂ ಅಂದಾರು ಎಂಬ ಅಂಜಿಕೆಯೂ ಇತ್ತು.

ಆದರೂ ಅಂದು ಹೇಳಿದೆ.

"ಅತ್ತಿ, ಕೂಸಿನ ಬಣ್ಣ ಒಂಥರಾ ಕಾಣಾಕತ್ತೈತ್ರಿ."

ಅವರು ರೊಟ್ಟಿ ಬಡಿಯುತ್ತಿದ್ದರು. ಕೈ ನಿಂತಿತು. "ಒಂಥರಾ ಅಂದ್ರ?"

"ಒಮ್ಮೊಮ್ಮೆ ಭಾಳ ಕಪ್ಪಾಗತೈತಿ."

"ಕಪ್ಪು ಐತಿ, ಕಪ್ಪ ಇರತೈತಿ. ಕಪ್ಪು ಮೈಯಾಗ ನಾನೂ ಇಷ್ಟು ವರ್ಷ ಬಾಳೆ ಮಾಡೀನಿ ತಂಗಿ, ಸತ್ತಿಲ್ಲ."

ಮತ್ತೆ ರೊಟ್ಟಿಯ ಸಪ್ಪಳ ಶುರುವಾಯಿತು, ಮೊದಲಿಗಿಂತ ಜೋರಾಗಿ. ನಾನು ಹೇಳಬೇಕೆಂದದ್ದು ಬೇರೆ, ಅವರ ಕಿವಿಗೆ ಬಿದ್ದದ್ದು ಬೇರೆ. ಅವತ್ತಿನಿಂದ ನನ್ನ ಅಂಜಿಕೆ ನನ್ನೊಳಗೇ ಉಳಿಯಿತು. ಗಂಡನಿಗೆ ಹೇಳಿದರೆ, "ಚೊಚ್ಚಲ ಕೂಸು, ನಿನಗ ಎಲ್ಲಾನೂ ಹೆದರಿಕಿ" ಎಂದರು. ಅವರು ಕುಲುಮೆಯ ಮುಂದೆ ನಿಂತು ದುಡಿದು ಬಂದವರು, ಮಾತಾಡುತ್ತಲೇ ನಿದ್ದೆ ಹೋದರು.

ಮಗಳು ಹಾಲು ಕುಡಿಯುವಾಗ ನಡುನಡುವೆ ಬಿಟ್ಟು ಏದುಸಿರು ಬಿಡುತ್ತಿದ್ದಳು. ಹಣೆಯ ಮೇಲೆ ಬೆವರು ಸಾಲುಗಟ್ಟುತ್ತಿತ್ತು. ನಾನು ದಿನಕ್ಕೆ ಎಷ್ಟು ಸಲ ಅವಳ ಬಾಯಿ ತೆಗೆಸಿ ನೋಡುತ್ತಿದ್ದೆನೋ! ಒಮ್ಮೆ ಪರವಾಗಿಲ್ಲ ಅನಿಸುವುದು, ಒಮ್ಮೆ ಎದೆ ಝಲ್ಲೆನ್ನುವುದು. ಕೊನೆಗೆ ಲಸಿಕೆ ಹಾಕಿಸುವ ನೆಪದಲ್ಲಿ ಊರಿನ ಹತ್ತಿರದ ಒಂದು ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿಯ ವಯಸ್ಸಾದ ಡಾಕ್ಟರು ತುಟಿ ನೋಡಿದರು, ಬೆರಳಿಗೆ ಕ್ಲಿಪ್ ಹಾಕಿ ನೋಡಿದರು. ಕೂಸು ಅಳುತ್ತಿದ್ದುದರಿಂದ ಎದೆಯ ಮೇಲೆ ಕೊಳವೆ ಇಟ್ಟದ್ದೂ ಗೊತ್ತಾಗಲಿಲ್ಲ, ತೆಗೆದದ್ದೂ ಗೊತ್ತಾಗಲಿಲ್ಲ.

"ನಂಬರ್ ಸ್ವಲ್ಪ ಕಡಿಮಿ ಐತಿ, ಈ ಮಷಿನ್ ಹಿಂಗ ತೋರಸ್ತೈತಿ ಒಮ್ಮೊಮ್ಮೆ. ಕೂಸಿನ ಬಣ್ಣಾನ ಹಂಗೈತಿ ತಾಯಿ. ಶಕ್ತಿಗೆ ಹನಿ ಬರದು ಕೊಡ್ತೀನಿ."

ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಐದನೇ ತಿಂಗಳಲ್ಲಿ ಕಿವಿ ಚುಚ್ಚಿಸಬೇಕೆಂದು ಕುಷ್ಟಗಿಯ ಮನೆಯಲ್ಲಿ ಎಲ್ಲರೂ ಸೇರಿದೆವು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದು ನಮ್ಮಲ್ಲಿಯ ರೂಢಿ, ಅದಕ್ಕಾಗಿ ಗಂಗಾವತಿಯಿಂದ ನನ್ನ ಅಣ್ಣ ಕಾರು ತೆಗೆದುಕೊಂಡು ಬಂದಿದ್ದ. ಒಳಗೆ ಹೋಳಿಗೆ ಬೇಯುತ್ತಿತ್ತು. ಪಡಸಾಲೆಯಲ್ಲಿ ಹಾಸಿದ ಜಮಖಾನೆಯ ಮೇಲೆ ಅಣ್ಣ ಕೂಸನ್ನು ಹಿಡಿದು ಕೂತ. ಆಭರಣದ ಕೆಲಸದ ಪತ್ತಾರರು ಬಂಗಾರದ ತಂತಿಯ ತುದಿಯನ್ನು ಒರೆಸಿಕೊಂಡು ಬಲಗಿವಿ ಹಿಡಿದರು.

ಚುಚ್ಚಿದೊಡನೆ ಮಗಳು ಕಿರುಚಿದಳು. ಎಲ್ಲರೂ ನಕ್ಕರು. ಕಿವಿ ಚುಚ್ಚುವಾಗ ಕೂಸು ಅತ್ತರೆ ನಗುವುದು ಇದ್ದದ್ದೇ. ಅವಳು ಉಸಿರು ಎಳೆದುಕೊಂಡು ಇನ್ನೊಮ್ಮೆ ಅತ್ತಳು, ಮತ್ತೊಮ್ಮೆ ಅತ್ತಳು. ಆಮೇಲೆ ಅಳು ನಿಂತಿತು. ಬಾಯಿ ತೆರೆದೇ ಇತ್ತು, ದನಿ ಮಾತ್ರ ಬರಲಿಲ್ಲ. ತುಟಿ, ಒಸಡು, ಉಗುರು ಎಲ್ಲ ಮಸಿ ಹಚ್ಚಿದಂತೆ ಆಗತೊಡಗಿದವು. ಪತ್ತಾರರು ಕೈ ಹಿಂದೆಗೆದರು.

"ಯಪ್ಪಾ, ಕೂಸು ಯಾಕ ಹಿಂಗಾತು? ತಗೋರಿ, ತಗೋರಿ!"

ಅಣ್ಣನ ಕೈಯಲ್ಲಿ ಅವಳ ಕುತ್ತಿಗೆ ಒಂದು ಕಡೆ ವಾಲಿತು. ನಾನು ಹೇಗೆ ಕಸಿದುಕೊಂಡೆ, ಹೇಗೆ ಕಾರಿನಲ್ಲಿ ಕೂತೆ, ನೆನಪಿಲ್ಲ. ಅತ್ತೆ ಉಪ್ಪು ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದುಕೊಂಡು ದೃಷ್ಟಿ ತೆಗೆಯಲು ಓಡಿ ಬಂದವರು ಹಾಗೆಯೇ ಕಾರು ಹತ್ತಿದ್ದರು. ದಾರಿಯುದ್ದಕ್ಕೂ ಅವರ ಮುಷ್ಟಿ ಬಿಚ್ಚಲಿಲ್ಲ. ನಾನು ಮಗಳ ಮೂಗಿನ ಕೆಳಗೆ ಬೆರಳಿಟ್ಟುಕೊಂಡಿದ್ದೆ. ಉಸಿರು ಬೆರಳಿಗೆ ತಾಗುತ್ತಿದೆಯೋ, ಕಿಟಕಿಯ ಗಾಳಿಯೋ ಗೊತ್ತಾಗದೆ, "ಅಣ್ಣಾ, ಗ್ಲಾಸ್ ಏರಸೋ" ಎಂದು ಚೀರಿದೆ.

ಕುಷ್ಟಗಿಯ ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು. ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಬಿಟ್ಟಳು. ಅಲ್ಲಿಂದಲೇ ಆಂಬುಲೆನ್ಸಿನಲ್ಲಿ ಕೊಪ್ಪಳಕ್ಕೆ ಕಳಿಸಿದರು.

ಕೊಪ್ಪಳದಲ್ಲಿ ಮಕ್ಕಳ ವಿಭಾಗದಲ್ಲಿದ್ದವರು ಒಬ್ಬ ಹರೆಯದ ಡಾಕ್ಟರಮ್ಮ. ಯಲಬುರ್ಗಾ ಕಡೆಯ ಹಳ್ಳಿಯವರು, ಮಾತು ನಮ್ಮ ಹಾಗೆಯೇ. ಅವರು ಕೂಸಿನ ಮುಖ ನೋಡುವ ಮೊದಲು ಬಾಯಿ ತೆಗೆಸಿದರು. ಕಿಟಕಿಯ ಬೆಳಕಿಗೆ ಹಿಡಿದು ನಾಲಿಗೆ, ಒಸಡು, ಆಮೇಲೆ ಅಂಗೈ, ಉಗುರು. ಆಮೇಲೆ ಕೊಳವೆ ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಅಷ್ಟು ಹೊತ್ತೂ ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಅಕ್ಕಾರ, ಮೊದಲ ಯಾವಾಗರ ನೀಲಿ ಆಗಿದ್ದು ನೋಡೀರೇನು?"

ನೀಲಿ. ಆ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. "ನಾಲಿಗಿ ನೋಡಿದ್ದೆ ಮೇಡಂ. ನೇರಳೆಹಣ್ಣಿನ ಹಂಗ" ಎಂದೆ.

ಅತ್ತೆ ನಡುವೆ ಬಾಯಿ ಹಾಕಿದರು. "ನಮ್ಮ ಬಣ್ಣಾನ ಹಂಗೈತಿ ಯವ್ವಾ. ಆಕಿ ನನ್ನ ಹಂಗ ಹುಟ್ಟ್ಯಾಳ."

ಡಾಕ್ಟರು ಅತ್ತೆಯ ಕೈ ಹಿಡಿದು ಕೂರಿಸಿದರು. "ಅಜ್ಜಿ, ನಿಮ್ಮ ಬಣ್ಣದ್ದು ಏನೂ ತಪ್ಪಿಲ್ಲ. ಕೂಸಿನ ರಕ್ತಕ್ಕ ಗಾಳಿ ಸಾಲವಲ್ದು. ಬೆಳ್ಳಗಿರೂ ಕೂಸಾಗಿದ್ರ ಮೊದಲನೇ ವಾರದಾಗ ಯಾರರ ಗುರ್ತ ಹಿಡೀತಿದ್ರು. ಕಪ್ಪು ಮೈಯಾಗ ನೀಲಿ ಮ್ಯಾಲೆ ಕಾಣೂದಿಲ್ಲ. ನಾಲಿಗಿ ನೋಡಬೇಕು, ಒಸಡು ನೋಡಬೇಕು."

ಅವರು ಮೊಬೈಲ್ ತೆಗೆದು ಕೆಲವು ಚಿತ್ರ ತೋರಿಸಿದರು. ಕಪ್ಪು ಮೈಯ ಮಕ್ಕಳು, ಕಪ್ಪು ಕೈಗಳು, ಕಪ್ಪು ತುಟಿಗಳು. ಯಾವ ರೋಗ ಕಪ್ಪು ಚರ್ಮದ ಮೇಲೆ ಹೇಗೆ ಕಾಣುತ್ತದೆ ಎಂಬ ಚಿತ್ರಗಳು. ತಾವು ಕಲಿಯುವಾಗ ಪುಸ್ತಕದಲ್ಲಿದ್ದದ್ದೆಲ್ಲ ಬಿಳಿ ಮೈಯ ಚಿತ್ರಗಳೇ ಎಂದರು. ಹೊರದೇಶದಲ್ಲಿ ವೈದ್ಯಕೀಯ ಓದುತ್ತಿದ್ದ ಒಬ್ಬ ಕಪ್ಪು ವಿದ್ಯಾರ್ಥಿ, 'ನನ್ನಂಥವರ ಮೈಮೇಲೆ ಇದು ಹೇಗೆ ಕಾಣುತ್ತದೆ?' ಎಂದು ಕೇಳಲು ಶುರುಮಾಡಿ, ತನ್ನ ಮೇಷ್ಟ್ರುಗಳನ್ನು ಜೊತೆಗೆ ಹಾಕಿಕೊಂಡು ಇಂಥ ಚಿತ್ರಗಳನ್ನು ಕೂಡಿಸಿ ಎಲ್ಲರಿಗೂ ಸಿಗುವಂತೆ ಮಾಡಿದನಂತೆ. ಬೆರಳಿಗೆ ಹಾಕುವ ಕ್ಲಿಪ್ ಕೂಡ ಕಪ್ಪು ಚರ್ಮದ ಮೇಲೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು ಎಂದು ಅವರು ಹೇಳಿದಾಗ, ನಾನು ವಿಜ್ಞಾನ ಕಲಿಸುವವಳಾಗಿಯೂ ಯಂತ್ರಕ್ಕೆ ಬಣ್ಣದ ಭೇದವಿರಬಹುದು ಎಂದು ಎಂದೂ ಯೋಚಿಸಿರಲಿಲ್ಲ ಅನಿಸಿತು.

ಅತ್ತೆ ಚಿತ್ರ ನೋಡಲಿಲ್ಲ. ತಮ್ಮ ಮುಷ್ಟಿಯನ್ನು ನೋಡಿಕೊಂಡು ಕೂತಿದ್ದರು.

ಪರೀಕ್ಷೆಗಳಾದವು. ಮಗಳ ಹೃದಯದ ಎರಡು ಕೆಳಕೋಣೆಗಳ ನಡುವೆ ರಂಧ್ರವಿತ್ತು. ರಕ್ತ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದಾಗಿತ್ತು. ಅತ್ತಾಗ ಆ ದಾರಿ ಇನ್ನೂ ಬಿಗಿದುಕೊಂಡು ಕೆಟ್ಟ ರಕ್ತವೇ ಮೈಗೆಲ್ಲ ಹರಿಯುತ್ತದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿಂದ ಕರೆ ಬರಲು ಕೆಲವು ವಾರ ಬೇಕಾಗಬಹುದು.

"ಅಲ್ಲೀತನಕ ಅಳಾಕ ಬಿಡಬ್ಯಾಡ್ರಿ. ಮತ್ತ ಹಿಂಗಾದ್ರ ಗಾಬರಿ ಆಗಬ್ಯಾಡ್ರಿ. ಕೂಸಿನ ಮೊಳಕಾಲು ಮಡಚಿ ಎದಿಗೆ ಒತ್ತಿ ಹಿಡೀರಿ, ಹಿಂಗ" ಎಂದು ಡಾಕ್ಟರು ನನ್ನ ಕೈಯಿಂದಲೇ ಮಾಡಿಸಿದರು. "ಹಿಡಕೊಂಡ ದವಾಖಾನಿಗೆ ಬರ್ರಿ."

ಅಳಲು ಬಿಡಬೇಡಿ. ಐದು ತಿಂಗಳ ಕೂಸನ್ನು ಅಳದ ಹಾಗೆ ನೋಡಿಕೊಳ್ಳುವುದೆಂದರೆ ಏನೆಂದು ಆ ವಾರಗಳಲ್ಲಿ ತಿಳಿಯಿತು. ಕುಕ್ಕರ್ ಇಡುವುದು ನಿಂತಿತು. ಅನ್ನ ಬೋಗಾಣಿಯಲ್ಲಿ ಬೇಯಿತು. ತರಕಾರಿ ಗಾಡಿಯವನು ನಮ್ಮ ಓಣಿಗೆ ಬಂದೊಡನೆ ಮೈಕ್ ಬಂದ್ ಮಾಡುತ್ತಿದ್ದ, ಅತ್ತೆ ಅವನಿಗೆ ಕೈಮುಗಿದು ಹೇಳಿಕೊಂಡಿದ್ದರು. ಹಸಿವಾಗುವ ಮೊದಲೇ ಹಾಲು, ಎಚ್ಚರವಾಗುವ ಮೊದಲೇ ತೊಡೆ. ಸ್ನಾನ ಮಾಡಿಸಲು ನೀರು ಮುಟ್ಟಿ ಮುಟ್ಟಿ ನೋಡುತ್ತಿದ್ದೆವು. ಮಗಳು ತುಟಿ ಸೊಟ್ಟ ಮಾಡಿದರೆ ಸಾಕು, ಮೂವರೂ ಇದ್ದಲ್ಲಿಂದ ಏಳುತ್ತಿದ್ದೆವು. ನನ್ನ ಗಂಡ ಕಾರ್ಖಾನೆಗೆ ಹೋಗುವಾಗ ಹೊಸ್ತಿಲಲ್ಲಿ ನಿಂತು ಒಳಗೆ ಕಿವಿಗೊಡುತ್ತಿದ್ದರು. ಆಮೇಲೆ ಬೂಟಿನ ಸಪ್ಪಳವಾಗದಂತೆ ಮೆಟ್ಟಿಲಿಳಿಯುತ್ತಿದ್ದರು. ಚೊಚ್ಚಲ ಕೂಸಿನ ಹೆದರಿಕೆ ಎಂದು ಅವರು ಮತ್ತೆಂದೂ ಹೇಳಲಿಲ್ಲ.

ಎಷ್ಟು ಕಾದರೂ ಒಂದು ದಿನ ಅದು ಬಂದೇ ಬಂತು. ಬೆಳಿಗ್ಗೆ, ಅವಳು ಎದ್ದೊಡನೆ. ಯಾರೂ ಏನೂ ಮಾಡಿರಲಿಲ್ಲ. ಸುಮ್ಮನೆ ಅಳತೊಡಗಿದಳು, ನಾನು ಎತ್ತಿಕೊಳ್ಳುವಷ್ಟರಲ್ಲಿ ಉಗುರುಗಳ ಬಣ್ಣ ತಿರುಗಿತ್ತು. ಗಂಡ ಪಾಳಿಯ ಮೇಲಿದ್ದರು. ನಾನು ಅಡುಗೆಮನೆಯ ನೆಲದ ಮೇಲೆ ಹಾಗೆಯೇ ಕೂತು ಅವಳ ಮೊಳಕಾಲು ಮಡಚಿ ಎದೆಗೆ ಒತ್ತಿ ಹಿಡಿದೆ. ಒತ್ತಿದ್ದು ಹೆಚ್ಚಾಯಿತೋ, ಕಡಿಮೆಯಾಯಿತೋ? ಗಾಬರಿಯಾಗಬೇಡಿ ಎಂದಿದ್ದರು. ಗಾಬರಿಯನ್ನು ಎಲ್ಲಿಡುವುದು?

"ಅತ್ತಿ!" ಎಂದು ಕೂಗಿದೆ.

ಅತ್ತೆ ಬಂದರು. ಈ ಸಲ ಅವರ ಕೈಯಲ್ಲಿ ಉಪ್ಪು ಇರಲಿಲ್ಲ. ನನ್ನ ಎದುರು ಕೂತು ಕೂಸಿನ ತುಟಿ ಬೆರಳಿನಿಂದ ಸರಿಸಿ ಒಸಡು ನೋಡಿದರು.

"ನೀಲಿ ಐತಿ. ಹಿಡಿ, ಬಿಡಬ್ಯಾಡ. ನಾ ನೋಡ್ತಿರ್ತೀನಿ, ನೀ ಹಿಡಿ."

ಅವರು ಒಸಡಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ನಾನು ಅವರ ಕಣ್ಣಿನ ಮೇಲಿಂದ ಕಣ್ಣು ತೆಗೆಯಲಿಲ್ಲ. "ನೀಲಿ... ನೀಲಿ... ಇನ್ನೂ ಐತಿ" ಎಂದು ಅವರು ಮೆಲ್ಲಗೆ ಹೇಳುತ್ತಲೇ ಇದ್ದರು. ಹೊರಗೆ ಪಕ್ಕದ ಮನೆಯವರು ಆಟೋ ತರಲು ಓಡಿದ್ದರು. ಆಮೇಲೆ ಅತ್ತೆ, "ಇಳ್ಯಾಕತ್ತೈತಿ ತಂಗಿ" ಎಂದರು. ಮಗಳು ಒಂದು ದೊಡ್ಡ ಉಸಿರು ತೆಗೆದುಕೊಂಡು ಮುಲುಗಿದಳು. ಆಟೋದಲ್ಲಿ ಕೊಪ್ಪಳಕ್ಕೆ ಹೋಗುವಾಗ ಅತ್ತೆ ಒಂದೇ ಮಾತು ಹೇಳಿದರು.

"ಅವತ್ತ ನೀ ಹೇಳಿದ್ದಿ. ನಾ ಬ್ಯಾರೆ ತಿಳಕೊಂಡೆ."

ಇದಾದ ಮೇಲೆ ಬೆಂಗಳೂರಿನವರು ಕಾಯಿಸಲಿಲ್ಲ. ಅಲ್ಲಿಯ ಶಸ್ತ್ರವೈದ್ಯರು ಮಧ್ಯವಯಸ್ಸಿನ ಹೆಂಗಸು. ಆಪರೇಷನ್ನಿನ ಹಿಂದಿನ ದಿನ ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಪೂರ್ತಿ ರಿಪೇರಿಗೆ ಕೂಸು ಇನ್ನೂ ಚಿಕ್ಕದು. ಈಗ, ಕೈಗೆ ಹೋಗುವ ರಕ್ತನಾಳದಿಂದ ಶ್ವಾಸಕೋಶದ ರಕ್ತನಾಳಕ್ಕೆ ಒಂದು ಸಣ್ಣ ಕೊಳವೆ ಜೋಡಿಸುತ್ತಾರೆ. ಬೇರೆ ದಾರಿಯಿಂದ ರಕ್ತ ಶ್ವಾಸಕೋಶ ಮುಟ್ಟುತ್ತದೆ. ಅವರು ತೋರಿಸಿದ ಕೊಳವೆ ಶಾವಿಗೆಗಿಂತ ಸ್ವಲ್ಪ ದಪ್ಪವಿತ್ತು, ಅಷ್ಟೇ. ಅದನ್ನು ನೋಡಿ ನನ್ನ ಗಂಡ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

ನಾನು ಕೇಳಿದೆ, "ಇದು ಹೊಸದಾಗಿ ಮಾಡ್ತಿರೋದಾ ಮೇಡಂ? ನಮ್ಮ ಕೂಸಿನ ಮೇಲೆ..."

ಅವರಿಗೆ ನನ್ನ ಭಯ ಅರ್ಥವಾಯಿತು. "ಇಲ್ಲಮ್ಮ, ಇದು ನನ್ನ ತಾಯಿ ಹುಟ್ಟೋ ಕಾಲದ್ದು. ಇದನ್ನು ಮೊದಲು ಕೈಯಾರೆ ಮಾಡಿ ಕಂಡುಕೊಂಡವನು ಯಾರು ಗೊತ್ತಾ? ಅಮೆರಿಕದ ಒಬ್ಬ ಕಪ್ಪು ಮನುಷ್ಯ. ಡಾಕ್ಟರ್ ಆಗಬೇಕು ಅಂತ ಆಸೆ ಇತ್ತು, ಓದೋದಕ್ಕೆ ಕೂಡಿಟ್ಟಿದ್ದು ಬ್ಯಾಂಕ್ ಮುಳುಗಿ ಹೋಯಿತು. ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿಕೊಂಡ. ಮಾಡ್ತಿದ್ದದ್ದು ಸಂಶೋಧನೆ, ಪಗಾರದಲ್ಲಿ ಮಾತ್ರ ಕಸಗುಡಿಸೋನ ಲೆಕ್ಕ."

ಅತ್ತೆ ತಲೆ ಎತ್ತಿದರು.

ಡಾಕ್ಟರು ಮುಂದುವರಿಸಿದರು. ಆ ಕಾಲದಲ್ಲಿ ಇಂಥ ಮಕ್ಕಳು ಸುಮ್ಮನೆ ಸಾಯುತ್ತಿದ್ದರು. ಅವರ ಶ್ವಾಸಕೋಶಕ್ಕೆ ಹೇಗಾದರೂ ಹೆಚ್ಚು ರಕ್ತ ಕಳಿಸಬೇಕೆಂದು ಹಟ ಹಿಡಿದವರು ಕಿವಿ ಕೇಳದ ಒಬ್ಬ ಮಕ್ಕಳ ವೈದ್ಯೆ. ಅದಕ್ಕೆ ದಾರಿಯನ್ನು ಪ್ರಾಣಿಗಳ ಮೇಲೆ ವರ್ಷಗಟ್ಟಲೆ ಮಾಡಿ ನೋಡಿ ಕಂಡುಕೊಂಡವನು ಆ ಮನುಷ್ಯ. ಕೂಸಿನ ದಾರದ ಎಳೆಯಷ್ಟು ಸಣ್ಣ ರಕ್ತನಾಳ ಹೊಲಿಯಲು ಬೇಕಾದ ಸೂಜಿಯನ್ನೂ ಅವನೇ ಸಣ್ಣದು ಮಾಡಿದ. ಮೊದಲ ಕೂಸಿನ ಆಪರೇಷನ್ ದಿನ ಬಿಳಿಯ ಶಸ್ತ್ರವೈದ್ಯರು ಅವನನ್ನು ತಮ್ಮ ಬೆನ್ನ ಹಿಂದೆ ಸ್ಟೂಲಿನ ಮೇಲೆ ನಿಲ್ಲಿಸಿಕೊಂಡರು. ಅವನು ಮೇಲಿಂದ ನೋಡುತ್ತ ಹೇಳಿದ, ಅವರು ಹೊಲಿದರು. ಲೋಕಕ್ಕೆ ಸುದ್ದಿ ಹೋದಾಗ ಅವನ ಹೆಸರು ಅದರಲ್ಲಿ ಇರಲಿಲ್ಲ. ಎಷ್ಟೋ ವರ್ಷದ ಮೇಲೆ, ಅವನಿಂದ ಕೈಕೆಲಸ ಕಲಿತವರೆಲ್ಲ ದೊಡ್ಡ ದೊಡ್ಡ ಶಸ್ತ್ರವೈದ್ಯರಾದ ಮೇಲೆ, ಅವನಿಗೂ ಡಾಕ್ಟರ್ ಎಂಬ ಗೌರವ ಕೊಟ್ಟರು.

"ನಾಳೆ ನಾನು ಮಾಡೋದು ಅದರದ್ದೇ ಸುಧಾರಿಸಿದ ರೀತಿ" ಎಂದು ಅವರು ಮುಗಿಸಿದರು.

ಅತ್ತೆ ಸೀರೆಯ ಸೆರಗು ಸರಿಮಾಡಿಕೊಂಡು ಕೇಳಿದರು, "ಅವನ ಅವ್ವ ಇದ್ಳೇನ್ರಿ ಆವಾಗ? ಮಗ ಹಿಂಥಾ ಕೆಲಸ ಮಾಡಿದ್ದು ಆಕಿಗೆ ಗೊತ್ತಾಗಿತ್ತೇನು?"

ಡಾಕ್ಟರು, "ನನಗೆ ಗೊತ್ತಿಲ್ಲ ಅಜ್ಜಿ" ಎಂದರು.

ಮರುದಿನ ಬೆಳಿಗ್ಗೆ ಮಗಳನ್ನು ನನ್ನ ತೊಡೆಯ ಮೇಲಿಂದ ಎತ್ತಿಕೊಂಡು ಹೋದರು. ನಿದ್ದೆಯ ಔಷಧಿ ಕೊಟ್ಟಿದ್ದರಿಂದ ಅಳಲಿಲ್ಲ. ಬಾಗಿಲು ಮುಚ್ಚಿದ ಮೇಲೆ ನನ್ನ ತೊಡೆ ಇನ್ನೂ ಬೆಚ್ಚಗಿತ್ತು. ಅದು ತಣ್ಣಗಾಗುವುದು ನನಗೆ ಬೇಡವಾಗಿತ್ತು, ಅದಕ್ಕೇ ಎರಡೂ ಕೈ ಅದರ ಮೇಲಿಟ್ಟು ಕೂತೆ. ಆ ದಿನ ಕೆಟ್ಟದ್ದನ್ನೆಲ್ಲ ಯೋಚಿಸಿದೆ. ಅವಳ ಬಟ್ಟೆಗಳನ್ನು ಏನು ಮಾಡುವುದು ಎಂಬುದನ್ನೂ ಯೋಚಿಸಿದೆ. ಯಾವ ದೇವರ ಹೆಸರೂ ಪೂರ್ತಿ ಬಾಯಿಗೆ ಬರಲಿಲ್ಲ. ಮನಸ್ಸಿಗೆ ಬರುತ್ತಿದ್ದುದು ಸ್ಟೂಲಿನ ಮೇಲೆ ನಿಂತ ಆ ಮನುಷ್ಯ. ಅವನಿಗೂ ಅಂದು ಭಯವಾಗಿದ್ದಿರಬೇಕು. ಬೇರೆಯವರ ಕೈ ತಪ್ಪಿದರೆ ಹೇಳಬಹುದಿತ್ತೇ ಹೊರತು ತಾನು ಮುಟ್ಟುವಂತಿರಲಿಲ್ಲ. ನಾನೂ ಬಾಗಿಲ ಹೊರಗೆ ಹಾಗೆಯೇ ಇದ್ದೆ.

ಅತ್ತೆ ನನ್ನ ಪಕ್ಕದಲ್ಲೇ ಕೂತಿದ್ದರು. ಒಮ್ಮೆ ಮಾತ್ರ, "ಅಂವ ಕಲಿಸ್ಯಾನ, ಇವ್ರು ಕಲ್ತಾರ. ಅಂಜಬ್ಯಾಡ" ಎಂದರು. ಹೇಳುವಾಗ ಅವರ ಹಲ್ಲು ಕಟಕಟ ಎನ್ನುತ್ತಿದ್ದವು.

ಮಧ್ಯಾಹ್ನ ದಾಟಿದ ಮೇಲೆ ಕರೆದರು. ಗಾಜಿನಾಚೆ ಮಗಳು ತಂತಿ ನಳಿಕೆಗಳ ನಡುವೆ ಮಲಗಿದ್ದಳು. ಅವಳು ಬದುಕಿದ್ದಾಳೆಂದು ಡಾಕ್ಟರು ಹೇಳಿದರೂ ನಂಬಿಕೆಯಾಗಲಿಲ್ಲ. ಮೂಗಿನ ನಳಿಕೆ ತೆಗೆದ ದಿನ ಅತ್ತೆಯನ್ನೂ ಒಳಗೆ ಬಿಟ್ಟರು. ಅವರು ಕೈ ತೊಳೆದುಕೊಂಡು, ಯಾರ ಅಪ್ಪಣೆಯನ್ನೂ ಕೇಳದೆ, ಕೂಸಿನ ತುಟಿ ಸರಿಸಿ ನೋಡಿದರು.

"ಬಾ ಇಲ್ಲಿ. ನೋಡು."

ಒಸಡು ಕೆಂಪಗಿತ್ತು. ಪೂರ್ತಿ ಅಲ್ಲ, ಮಾಸಲು ಗುಲಾಬಿ. ಆದರೆ ಆ ಬಣ್ಣವನ್ನು ನಾನು ಅವಳ ಬಾಯಲ್ಲಿ ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಅಲ್ಲೇ ಕೂತು ಅಳತೊಡಗಿದೆ. ನರ್ಸ್ ಬಂದು ಹೊರಗೆ ಕಳಿಸಿದರು.

ಭಯ ಅಲ್ಲಿಗೇ ಮುಗಿಯಲಿಲ್ಲ. ಕೊಳವೆ ಕಟ್ಟಿಕೊಳ್ಳದಂತೆ ದಿನವೂ ಗುಳಿಗೆ ಅರೆದು ಕೊಡಬೇಕಿತ್ತು. ವಾಂತಿಭೇದಿಯಾದರೆ ಓಡಬೇಕಿತ್ತು. ಅವಳು ಎರಡನೇ ವರ್ಷಕ್ಕೆ ಕಾಲಿಟ್ಟ ಮೇಲೆ ದೊಡ್ಡ ಆಪರೇಷನ್ ಆಯಿತು. ಎದೆ ತೆರೆದು ರಂಧ್ರ ಮುಚ್ಚಿದರು, ದಾರಿ ಅಗಲ ಮಾಡಿದರು. ಆ ಸಲ ಮಗಳಿಗೆ ಬುದ್ಧಿ ಬಂದಿತ್ತು, ನನ್ನ ಸೆರಗು ಬಿಡಲಿಲ್ಲ, ಬಾಗಿಲವರೆಗೂ "ಅವ್ವಾ ಬಾ" ಎನ್ನುತ್ತಲೇ ಹೋದಳು. ಮೊದಲನೆಯದಕ್ಕಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು. ಈಗಲೂ ಕೆಲವೊಮ್ಮೆ ಶಾಲೆಯಲ್ಲಿ ಪಾಠ ಹೇಳುವಾಗ ಆ ದನಿ ಕೇಳಿಸಿ ಮಾತು ನಿಲ್ಲುತ್ತದೆ.

ಈಗ ಅವಳಿಗೆ ಆರು ವರ್ಷ. ಎದೆಯ ನಡುವೆ ಉದ್ದನೆಯ ಗಾಯದ ಗೆರೆ ಇದೆ, ಅಂಗಿ ಎತ್ತಿ ಎಲ್ಲರಿಗೂ ತೋರಿಸುತ್ತಾಳೆ. ಓಣಿಯ ಹುಡುಗರ ಜೊತೆ ಓಡುತ್ತಾಳೆ. ನಾನು ನೋಡದ ಹಾಗೆ ಅತ್ತೆ ಅವಳ ಉಗುರು ನೋಡುತ್ತಾರೆ, ಅತ್ತೆ ನೋಡದ ಹಾಗೆ ನಾನು ನೋಡುತ್ತೇನೆ.

ಹೋದ ತಿಂಗಳು ಬೆಂಗಳೂರಿನ ತಪಾಸಣೆಯಲ್ಲಿ ಡಾಕ್ಟರು, ದೊಡ್ಡವಳಾದ ಮೇಲೆ ಒಂದು ಕವಾಟ ಬದಲಾಯಿಸಬೇಕಾಗಬಹುದು ಎಂದರು. ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಅತ್ತೆ ಕೇಳಿದರು, "ಅದನ್ನ ಮಾಡೂದು ಯಾರರ ಕಂಡು ಹಿಡದಾರೇನು?"

"ಹಿಡದಾರ್ರಿ ಅತ್ತಿ. ಇನ್ನೂ ಛಲೋದು ಮಾಡಾಕತ್ತಾರಂತ."

"ಯಾರು?"

ಯಾರು ಎಂದು ನನಗೂ ತಿಳಿದಿರಲಿಲ್ಲ. "ಯಾರೋ ಎಲ್ಲೋ ಮಾಡಾಕತ್ತಾರ" ಎಂದೆ. ಅತ್ತೆ ತಲೆಯಾಡಿಸಿ, ನಿದ್ದೆ ಹೋಗುತ್ತಿದ್ದ ಮೊಮ್ಮಗಳನ್ನು ಹೆಗಲಿಗೆ ಹಾಕಿಕೊಂಡು, ರೈಲಿಗೆ ಹೊತ್ತಾಗುತ್ತದೆಂದು ನನಗಿಂತ ಮುಂದೆ ನಡೆದರು.